ಜೋಡಿ ಶೀಶೆ

ಬೆಳಿಗ್ಗೆ ಎಂಟಕ್ಕೆ ಫೋನು ಹೊಡೆದುಕೊಂಡಾಗ ಸುರಪುರದ ದೇವಿಂದ್ರ ತನ್ನ ಚಹಾಕ್ಕೆ ಸಕ್ಕರೆ ತೂಗುತ್ತಿದ್ದ. ತೂಗುತ್ತಿದ್ದ ಎಂದರೆ ಮಾತಿಗೆ ಹೇಳಿದ್ದಲ್ಲ. ಅಂಗೈಯಗಲದ ಬ್ಯಾಟರಿ ತಕ್ಕಡಿಯ ಮೇಲೆ ಬಟ್ಟಲಿಟ್ಟು, ಎಂಟು ಗ್ರಾಮಿಗಿಂತ ನಾಲ್ಕು ಹರಳು ಹೆಚ್ಚಾದರೆ ಅವನ್ನು ಉಗುರಿನಿಂದ ಹೆಕ್ಕಿ ಮತ್ತೆ ಡಬ್ಬಿಗೆ ಸೇರಿಸುತ್ತಿದ್ದ. ಓಣಿಯವರು ಅವನಿಗೆ ‘ಪಾಯಿಂಟ್ ದೇವಿಂದ್ರ’ ಎಂದು ಹೆಸರಿಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ.

“ದೇವಿಂದ್ರಪ್ಪಾ, ನಾ ಹಜರಾಬೀ ಮಾತಾಡಾಕತ್ತೀನಿ, ಶಹಾಪುರದಿಂದ. ನೀವು ಕಳಿಸಿದ ಎರಡು ಶೀಶೆ ಈಗ ಮೂಸಿ ನೋಡಿದೆ. ಒಂದರಂಗ ಒಂದಿಲ್ಲಲ್ರಿ!”

ದೇವಿಂದ್ರನ ಕೈಯಲ್ಲಿದ್ದ ಸಕ್ಕರೆ ಅಳತೆ ಗಿಳತೆ ಇಲ್ಲದೆ ನೆಲಕ್ಕೆ ಬಿತ್ತು.

“ಹಂಗ ಆಗಾಕ ಶಕ್ಯನ ಇಲ್ರಿ ಅಕ್ಕಾರ. ಎರಡೂ ಒಂದ ಚೀಟಿ ನೋಡಿ ಅಳದದ್ದು.”

“ಚೀಟಿ ನನ್ನ ಮೂಗಿಗೆ ಕಾಣಂಗಿಲ್ರಿ. ಮಾತು ಏನಿತ್ತು? ಬ್ಯಾರೆ ಬ್ಯಾರೆ ದಿನ ಮಾಡಿದ ಎರಡು ಶೀಶೆ, ಘಮ ಮಾತ್ರ ಒಂದ. ಹಂಗಿದ್ರ ತಿಂಗಳಿಗೆ ಇನ್ನೂರು ಶೀಶೆ ನಿಮ್ಮ ಹತ್ರನ ತಗೋತೀನಿ ಅಂದಿದ್ದೆ. ಇದ್ರಾಗ ಒಂದು ಭಾಳ ಚಲೋ ಬಂದೈತಿ, ಖರೇ ಹೇಳ್ತೀನಿ, ಮೂಗಿನಿಂದ ಸರಸಾಕ ಮನಸಿಲ್ಲ. ಇನ್ನೊಂದು ಹಂಗಿಲ್ಲ. ಇವತ್ತು ನಾಕ ಗಂಟಿ ಒಳಗ ಆ ಚಲೋ ಶೀಶೇದ ಜೋಡಿ ತಂದು ನನ್ನ ಮುಂದ ಇಡ್ರಿ, ಅಳತಿ ಚೀಟಿ ಸಮೇತ. ಐದಕ್ಕ ಯಾದಗಿರಿಯಾಂವ ಒಬ್ಬ ಬರಾಂವಿದಾನ, ಅವನ್ದೂ ಮಾಲು ಐತಿ. ಆಮ್ಯಾಲ ನನ್ನ ಬೈಬ್ಯಾಡ್ರಿ.”

“ತರ್ತೀನ್ರಿ, ತರ್ತೀನ್ರಿ,” ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು.

ಹಜರಾಬೀ ಸಾಮಾನ್ಯದ ಹೆಂಗಸಲ್ಲ. ಶಹಾಪುರದ ಬಜಾರಿನಲ್ಲಿ ಅವಳದು ಅತ್ತರು, ಸುರಮಾ, ಊದಿನಕಡ್ಡಿಗಳ ಅಂಗಡಿ. ಅಂಗಡಿ ಗಂಡನಿಂದ ಬಂದದ್ದು, ಮೂಗು ತಂದೆಯಿಂದ ಬಂದದ್ದು. ಬಾಗಿಲಲ್ಲಿ ನಿಂತವನ ಅಂಗಿ ಮೂಸದೆಯೇ ಅವನು ಯಾವ ಊರಿನ ಯಾವ ಅಂಗಡಿಯ ಅತ್ತರು ಹಚ್ಚಿದ್ದಾನೆಂದು ಹೇಳುತ್ತಿದ್ದಳು.

ದೇವಿಂದ್ರನಿಗೆ ಈ ಇನ್ನೂರು ಶೀಶೆ ಏಕೆ ಜೀವದ ಮಾತಾಗಿತ್ತು ಎಂದರೆ, ಒಂಬತ್ತು ವರ್ಷ ಒಂದು ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಗುತ್ತಿಗೆಯ ಸಹಾಯಕನಾಗಿ ಗಾಜಿನ ನಳಿಗೆ ತೊಳೆದವನಿಗೆ ಕಳೆದ ಮಾರ್ಚಿನಲ್ಲಿ ಗುತ್ತಿಗೆ ಮುಗಿದಿತ್ತು. ಹೆಂಡತಿ ಪಂಚಶೀಲಾಳ ಅಣ್ಣ ಪುಣೆಯಲ್ಲಿ ಒಂದು ಕಟ್ಟಡಕ್ಕೆ ವಾಚ್‌ಮನ್ ಕೆಲಸ ನೋಡಿಟ್ಟು, ‘ಸೋಮವಾರ ಬರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ’ ಎಂದು ದಿನಾ ಫೋನು ಮಾಡುತ್ತಿದ್ದ. ಇವತ್ತು ಶನಿವಾರ. ಹಜರಾಬೀ ಹೂಂ ಅಂದರೆ ಮನೆಯಲ್ಲೇ ಕೂತು ಅತ್ತರು ಕೂಡಿಸುವ ಕೆಲಸ. ಊಹೂಂ ಅಂದರೆ ಊರು ಬಿಟ್ಟು, ಕೈಯಲ್ಲಿ ಬಡಿಗೆ ಹಿಡಿದು, ಯಾರದೋ ಗೇಟಿನ ಮುಂದೆ ಸ್ಟೂಲಿನ ಮೇಲೆ ಕೂಡುವುದು. ಅಳೆಯುವುದೊಂದೇ ವಿದ್ಯೆ ಕಲಿತವನಿಗೆ ಅಲ್ಲಿ ಅಳೆಯಲು ಬರಿಯ ರಾತ್ರಿಗಳು.

ಅವನು ಕಪಾಟು ತೆರೆದು ಎರಡು ಸಣ್ಣ ಸೀಸೆಗಳನ್ನು ಹೊರಗೆ ತೆಗೆದ. ಕಳಿಸಿದ ಪ್ರತಿ ಶೀಶೆಯದೂ ನಾಲ್ಕು ನಾಲ್ಕು ಹನಿ ನಮೂನೆ ಎತ್ತಿಡುವುದು ಅವನ ಪ್ರಯೋಗಾಲಯದ ರೂಢಿ. ಒಂದನ್ನು ಮೂಸಿದ. ಇನ್ನೊಂದನ್ನು ಮೂಸಿದ. ಮತ್ತೆ ಮೊದಲಿನದನ್ನು ಮೂಸಿದ. ಹಜರಾಬೀ ಹೇಳಿದ್ದು ಖರೇ ಇತ್ತು. ಎರಡೂ ಅಣ್ಣತಮ್ಮಂದಿರೇ, ಆದರೆ ಅವಳಿಜವಳಿ ಅಲ್ಲ.

ಚೀಟಿ ಗೋಡೆಯ ಮೇಲೇ ಅಂಟಿಕೊಂಡಿತ್ತು. ಗಂಧದೆಣ್ಣೆ ಆರು ಗ್ರಾಂ, ಗುಲಾಬಿ ಮೂರು, ಕೇದಗೆ ಒಂದು ಪಾಯಿಂಟ್ ಎರಡು, ಲಾವಂಚದ ಬೇರಿನ ಎಣ್ಣೆ, ಅಂದರೆ ಬಜಾರಿನವರ ಖಸ್, ಸೊನ್ನೆ ಪಾಯಿಂಟ್ ಎಂಟು. ನಾಲ್ಕೂ ಎಣ್ಣೆ ಹಜರಾಬೀಯ ಅಂಗಡಿಯವೇ. ಎಣ್ಣೆ ಅದೇ, ಚೀಟಿ ಅದೇ, ಅಳೆದ ಕೈ ಅದೇ. ಹಾಗಾದರೆ?

“ಏನ್ ಘಮನಪಾ ಮುಂಜಾನಿ ಮುಂಜಾನಿ!” ಎನ್ನುತ್ತ ಬಾಜೂ ಮನೆಯ ಮಲ್ಲಾಬಾಯಿ ಒಳಗೇ ಬಂದಳು. ಅವಳಿಗೆ ಬಾಗಿಲು ಬಡಿಯುವ ಅಭ್ಯಾಸವಿರಲಿಲ್ಲ. “ಏನಾಗೈತಿ? ಮುಖ ಯಾಕ ಸುಟ್ಟ ಬದನೀಕಾಯಿ ಆಗೈತಿ?”

ಪಂಚಶೀಲಾ ಒಲೆಯ ಮುಂದಿನಿಂದಲೇ ಸಂಗತಿ ಹೇಳಿದಳು.

“ಅಯ್ಯ, ಇಷ್ಟಕ್ಕ ಹೆದರ್ತಾರೇನು? ತಾ ಇಲ್ಲಿ, ನಾ ಮೂಸಿ ಹೇಳ್ತೀನಿ ಫರಕು ಎಲ್ಲೈತಿ ಅಂತ,” ಎಂದು ಮಲ್ಲಾಬಾಯಿ ಮೊದಲ ಶೀಶೆಯ ನಮೂನೆಯನ್ನು ಕಿತ್ತುಕೊಂಡು, ದೇವಿಂದ್ರ ‘ಹಾಂ ಹಾಂ’ ಎನ್ನುವುದರೊಳಗೆ ಒಂದು ಹನಿ ಮುಂಗೈಗೆ, ಒಂದು ಹನಿ ಸೆರಗಿಗೆ ಬಿಟ್ಟುಕೊಂಡಳು. “ಇದು ಭಾರಿ ಐತಿ! ಇದನ್ನ ಇಡೀ ಓಣಿ ಹೊಗಳಿದ್ದು. ಅವತ್ತು ನೀ ಇದನ್ನ ಮಾಡಿದಾಗ ನಮ್ಮನಿ ಎಮ್ಮಿ ಸೈತ ಈ ಕಡೆ ಹೊಳ್ಳಿ ನೋಡಿತ್ತು. ಇದಕ್ಕ ದೃಷ್ಟಿ ಆಗೈತಿ. ಎರಡನೇದು ಕೆಟ್ಟದ್ದು ಅದಕ್ಕ.”

“ಮಲ್ಲಾಬಾಯೀ, ನಾಕ ಹನಿ ಇದ್ದೂ. ಎರಡು ಹೋದ್ವು!”

“ಎರಡು ಉಳದಾವಲ್ಲ,” ಎಂದಳು ಮಲ್ಲಾಬಾಯಿ, ಮೂಗನ್ನು ಮುಂಗೈಯಿಂದ ತೆಗೆಯದೆ.

ದೃಷ್ಟಿ ಗಿಷ್ಟಿಯನ್ನು ದೇವಿಂದ್ರ ನಂಬುವವನಲ್ಲ. ಆದರೆ ಓಣಿ ಹೊಗಳಿದ ಮೊದಲನೆಯದೇ ಹಜರಾಬೀ ಮೆಚ್ಚಿದ್ದು ಎಂದು ಅವನೂ ಹಿಡಿದ. ಅವನ ಅನುಮಾನ ನೆಟ್ಟಗೆ ತಕ್ಕಡಿಯ ಮೇಲೆ ಹೋಯಿತು. ಹಿಂದೆಯೂ ಒಂದು ಸಂಶಯ ಬಂದದ್ದುಂಟು. ದೊಡ್ಡ ಸೀಸೆಗಳಲ್ಲಿ ಎಣ್ಣೆ ಲೆಕ್ಕಕ್ಕಿಂತ ಜಾಸ್ತಿ ಇಳಿಯುತ್ತಿತ್ತು. ಆಗ ಅವನು ಅದನ್ನು ಬಿಸಿಲಿಗೆ ಹಾರಿಹೋಗುತ್ತಿದೆ ಎಂದುಕೊಂಡು ಬಿರಡೆಗಳಿಗೆಲ್ಲ ಮೇಣ ಸುರಿದಿದ್ದ. ಈಗ ಅನಿಸಿತು, ಎಣ್ಣೆ ಹಾರಿರಲಿಲ್ಲ, ತಕ್ಕಡಿಯೇ ಸುಳ್ಳು ಹೇಳಿತ್ತು. ಸುಳ್ಳು ಹೇಳುವ ಮನುಷ್ಯರನ್ನು ಅವನು ಸಹಿಸಬಲ್ಲ. ಸುಳ್ಳು ಹೇಳುವ ತಕ್ಕಡಿಯ ಜೊತೆ ಒಂದು ಮನೆಯಲ್ಲಿ ಇರುವುದು ಸಾಧ್ಯವಿರಲಿಲ್ಲ. ಅದನ್ನು ಕೂಸಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು, ನಮೂನೆಗಳನ್ನು ಜೇಬಿಗೆ ಹಾಕಿ, ಬಜಾರಿಗೆ ಓಡಿದ.

ಅಕ್ಕಸಾಲಿಗ ಲಕ್ಷ್ಮಿಕಾಂತನ ಅಂಗಡಿಯಲ್ಲಿ ಆಗಲೇ ಮೂರು ಮಂದಿ ಕೂತಿದ್ದರು. ಮೂಗುತಿ ಬದಲಿಸಲು ಬಂದ ಒಬ್ಬ ಹೆಂಗಸು, ಅವಳ ಅತ್ತೆ, ಬೋನಾಳದಿಂದ ಬಂದ ಒಬ್ಬ ಮುದುಕ.

“ಲಕ್ಷ್ಮಿಕಾಂತಣ್ಣ, ಜರ ಇದನ್ನ ನಿಮ್ಮ ಬಟ್ಟಿನಾಗ ಪರೀಕ್ಷಾ ಮಾಡಿಕೊಡ್ರಿ. ನನ್ನ ಬಾಳೇದ ಪ್ರಶ್ನಿ ಐತಿ.”

ಲಕ್ಷ್ಮಿಕಾಂತ ಕನ್ನಡಕದ ಮೇಲಿನಿಂದ ನೋಡಿದ. ತೂಕದ ಮಾತು ಬಂದರೆ ಅವನಿಗೂ ದೇವಿಂದ್ರನಷ್ಟೇ ಹುಚ್ಚು. “ಫ್ಯಾನ್ ಬಂದ್ ಮಾಡ್ರಿ. ಯಾರೂ ಉಸಿರು ಜೋರ ಬಿಡಬ್ಯಾಡ್ರಿ,” ಎಂದು ಅಪ್ಪಣೆ ಮಾಡಿ, ಚಿಮಟಿಗೆಯಿಂದ ಒಂದೊಂದೇ ತೂಕದ ಬಟ್ಟು ಎತ್ತಿ ತಕ್ಕಡಿಯ ಮೇಲಿಟ್ಟ. ಹತ್ತು ಗ್ರಾಂ ಇಟ್ಟರೆ ಹತ್ತು. ಒಂದು ಇಟ್ಟರೆ ಒಂದು. ಅರ್ಧ ಇಟ್ಟರೆ ಅರ್ಧ. ಬೆವರು ಮೂಗಿನ ತುದಿಗೆ ಬಂದು ನಿಂತರೂ ಅಂಗಡಿಯಲ್ಲಿ ಯಾರೂ ಮಿಸುಕಲಿಲ್ಲ.

“ನಿನ್ನ ತಕ್ಕಡಿ ನನ್ನ ತಕ್ಕಡಿಗಿಂತ ಖರೇ ಐತಿ,” ಎಂದ ಲಕ್ಷ್ಮಿಕಾಂತ ಸ್ವಲ್ಪ ಹೊಟ್ಟೆಕಿಚ್ಚಿನಿಂದ. “ಮಾರ್ತಿಯೇನು?”

ದೇವಿಂದ್ರ ಅಲ್ಲೇ ಕಟ್ಟೆಯ ಮೇಲೆ ಕೂತು, ಜೇಬಿನ ನಮೂನೆಗಳನ್ನು ತೆಗೆದು ಎಲ್ಲರಿಗೂ ಸಂಗತಿ ಹೇಳಿದ. ತಕ್ಕಡಿ ತಪ್ಪಿದ್ದರೆ ತಿದ್ದಬಹುದಿತ್ತು. ತಕ್ಕಡಿ ಸರಿಯಿದ್ದರೆ ಏನನ್ನು ತಿದ್ದುವುದು?

ಬೋನಾಳದ ಮುದುಕ ಗಂಟಲು ಸರಿಮಾಡಿಕೊಂಡ. “ನಮ್ಮ ಕೆರಿಗೆ ಹೊರಗಿನ ಹಕ್ಕಿ ಬಂದಾವ ನೋಡ್ರಿ. ಅವು ಬಂದಕೂಡ್ಲೆ ಗಾಳ್ಯಾಗ ತ್ಯಾವ ಬದಲಾಗತೈತಿ. ಬ್ಯಾಳಿ ಸೈತ ಬ್ಯಾರೆ ನಮೂನಿ ಬೇಯ್ತದ.”

“ಹಕ್ಕಿ ಅಲ್ಲ ಏನಲ್ಲ, ಮೂಗಿನ ಕೆಲಸ ಮೂಗಿನಾವ್ರಿಗೆ ಬಿಡ್ರಿ,” ಎಂದಳು ಮೂಗುತಿಯ ಹೆಂಗಸು. ಮೂಗುತಿ ಬಿಚ್ಚಿಟ್ಟದ್ದರಿಂದ ತನ್ನ ಮೂಗು ಈಗ ಪೂರಾ ಖಾಲಿ ಇದೆ, ವಾಸನೆ ಚೆನ್ನಾಗಿ ಹಿಡಿಯುತ್ತದೆ ಎಂಬುದು ಅವಳ ವಾದ. ಲಕ್ಷ್ಮಿಕಾಂತ ತಾನೂ ನೋಡುತ್ತೇನೆ ಎಂದ. ನಾಲ್ಕು ಕೈಗಳ ಜಗ್ಗಾಟದಲ್ಲಿ ಮೊದಲ ಶೀಶೆಯ ನಮೂನೆಯಿಂದ ಇನ್ನೊಂದು ಹನಿ ಜಾರಿ ಅಕ್ಕಸಾಲಿಗನ ಕುಲುಮೆಯ ಬೂದಿಗೆ ಬಿತ್ತು. ಬೂದಿ ಘಮಘಮಿಸಿತು.

ಉಳಿದದ್ದು ಒಂದೇ ಹನಿ. ಜೋಡಿ ಆಯಿತೋ ಇಲ್ಲವೋ ಎಂದು ತಾಳೆ ನೋಡಲು ಭೂಮಿಯ ಮೇಲೆ ದೇವಿಂದ್ರನ ಪಾಲಿಗೆ ಇದ್ದದ್ದು ಆ ಒಂದು ಹನಿ. ಅವನು ಸೀಸೆಯ ಬಾಯಿಗೆ ಹೆಬ್ಬೆರಳು ಒತ್ತಿಕೊಂಡು, ದಾರಿಯಲ್ಲಿ ಎದುರಾದವರ ನಮಸ್ಕಾರಕ್ಕೂ ಕೈ ಎತ್ತದೆ, ಮನೆಗೆ ಬಂದಾಗ ಗಂಟೆ ಹನ್ನೊಂದೂವರೆ.

“ಮತ್ತೊಮ್ಮಿ ಅಳೀತೀನಿ,” ಎಂದ ಪಂಚಶೀಲಾಳಿಗೆ. “ಎಣ್ಣಿ ಇನ್ನ ಒಂದ ಶೀಶೇದಷ್ಟು ಐತಿ. ಎಲ್ಲಿ ತಪ್ಪಿದೆ ಅಂತ ಈ ಸಲ ಕಣ್ಣಾಗ ಕಣ್ಣಿಟ್ಟು ನೋಡ್ತೀನಿ. ಮೊದಲ್ನೇ ಸಲ ಏನೋ ಎಡವಟ್ಟು ಮಾಡೀನಿ. ಎರಡನೇ ಸಲ ಮಾತ್ರ ಪಕ್ಕಾ ಅಳದೀನಿ, ಅದು ನನಗ ನೆನಪೈತಿ. ಎರಡನೇದ್ರಾಗ ಒಂದು ಹನಿ ಫರಕಿಲ್ಲ.”

ಪಂಚಶೀಲಾ ಏನೋ ಹೇಳಲು ಬಾಯಿ ತೆರೆದಳು. ಗಂಡನ ಮುಖ ನೋಡಿ ಮುಚ್ಚಿಕೊಂಡಳು.

ಕಿಟಕಿ ಮುಚ್ಚಿದ್ದಾಯಿತು. ಮಲ್ಲಾಬಾಯಿಯನ್ನು ಹೊರಗೆ ಕಳಿಸಿ ಚಿಲಕ ಹಾಕಿದ್ದಾಯಿತು. ನಾಲ್ಕು ಗಾಜಿನ ಬಟ್ಟಲುಗಳನ್ನು ಸಾಲಾಗಿ ಇಟ್ಟು, ಬಟ್ಟಲಿನ ಭಾರವನ್ನು ತಕ್ಕಡಿಯಿಂದ ಕಳೆದು ಸೊನ್ನೆಗೆ ತಂದು, ದೇವಿಂದ್ರ ಒಂದೊಂದೇ ಹನಿ ಬಿಡತೊಡಗಿದ. ಐದು ಪಾಯಿಂಟ್ ತೊಂಬತ್ತೆಂಟು. ಇನ್ನೊಂದು ಕಣ. ಆರು! ಹಣೆಯ ಬೆವರು ಬಟ್ಟಲಿಗೆ ಬಿದ್ದೀತೆಂದು ತಲೆಗೆ ಟವೆಲ್ ಬಿಗಿದುಕೊಂಡಿದ್ದ. ನಾಲ್ಕನೆಯ ಬಟ್ಟಲಿನಲ್ಲಿ ಸೊನ್ನೆ ಪಾಯಿಂಟ್ ಎಂಟು ಸೊನ್ನೆ ಎಂದು ಅಂಕಿ ನಿಂತಾಗ ಬಿಗಿಹಿಡಿದ ಉಸಿರನ್ನು ಬಿಟ್ಟ. ಎಲ್ಲ ಕೂಡಿಸುವ ಮುಂಚೆ ಕೈಗೆ ಹತ್ತಿದ ವಾಸನೆ ತೊಳೆದು ಬರುವುದು ಅವನ ಇನ್ನೊಂದು ನೇಮ. ಹಿತ್ತಲಿಗೆ ಹೋದ.

ತೊಳೆದು ಬಂದವನು ಹೊಸ್ತಿಲಲ್ಲೇ ಕಲ್ಲಾದ.

ಒಳಕೋಣೆಯಿಂದ ಎದ್ದುಬಂದ ಅವನ ತಾಯಿ ಲಾಲಮ್ಮ ಬಟ್ಟಲುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ದೊಡ್ಡ ಸೀಸೆಗಳಿಂದ ಒಂದೊಂದು ಬಟ್ಟಲಿಗೂ ಒಂದೊಂದು ಸಣ್ಣ ಧಾರೆ ಬಗ್ಗಿಸುತ್ತಿದ್ದಳು. ಮೂರು ಬಟ್ಟಲು ಆಗಿತ್ತು. ನಾಲ್ಕನೆಯದಕ್ಕೆ ಕೈ ಚಾಚಿದ್ದಳು.

“ಯವ್ವಾ! ಏನ್ ಮಾಡಾಕತ್ತಿ?”

“ಯಾಕೋ ಹಾವು ಕಂಡಂಗ ಒದರ್ತಿ? ಕೊಸರು ಹಾಕಾಕತ್ತೀನಿ.”

“ಕೊಸರಾ?”

“ಹೂಂ ಮತ್ತ. ನೀ ಬರೋಬ್ಬರಿ ಅಳದಿಟ್ಟು ಕೈ ಜಾಡಿಸಿಕೊಂಡು ಹೊಂಟ್ಬಿಡ್ತಿ. ಅಳದಮ್ಯಾಲ ಮ್ಯಾಲೊಂದೀಟು ಹಾಕಬೇಕೋ ಬ್ಯಾಡೋ? ಕೊಂಡಾವ್ರು ಏನಂದಾರು? ಲಾಲಮ್ಮನ ಮನ್ಯಾಗ ಕೈ ಸಣ್ಣದಾಗೈತಿ ಅನ್ನಾಂಗಿಲ್ಲೇನು?”

ನಲವತ್ತು ವರ್ಷ ಲಾಲಮ್ಮ ತಲೆಯ ಮೇಲೆ ಡಬ್ಬಿ ಹೊತ್ತು ಸುರಪುರದ ಓಣಿ ಓಣಿಯಲ್ಲಿ ಕುಸುಬಿ ಎಣ್ಣೆ ಮಾರಿದವಳು. ಪಾವು ಅಳೆದು ಸುರಿದ ಮೇಲೆ ಡಬ್ಬಿಯನ್ನು ಇನ್ನೊಮ್ಮೆ ಬಗ್ಗಿಸದೆ ಯಾವ ಮನೆಯ ಮೆಟ್ಟಿಲನ್ನೂ ಇಳಿದವಳಲ್ಲ. ಅಳತೆ ವ್ಯಾಪಾರದ್ದು, ಕೊಸರು ಮರ್ಯಾದೆಯದು. ಆ ಕೊಸರಿನ ಮೇಲೆಯೇ ಅವಳು ಮಗನನ್ನು ಬಿ.ಎಸ್ಸಿ.ವರೆಗೆ ಓದಿಸಿದ್ದಳು. ಓದಿದ ಮಗನಿಗೆ ಈಗ ತಲೆ ಗಿರ್‍ರೆಂದಿತು.

“ಮೊದಲ್ನೇ ಶೀಶೆ ಮಾಡಿದಾಗೂ ಹಾಕಿದ್ದೇನು?”

“ಹಾಕಲಾರದ ಬಿಡ್ತೀನೇನು?”

“ಮತ್ತ ಎರಡನೇದಕ್ಕ?”

“ಎರಡನೇದು ಮಾಡಿದಾಗ ನಾ ಎಲ್ಲಿದ್ದೆ? ಕಕ್ಕೇರಾದಾಗ, ನಿಮ್ಮ ಚಿಗವ್ವನ ಮನ್ಯಾಗ.”

ಒಲೆಯ ಮುಂದೆ ಪಂಚಶೀಲಾ ತಟ್ಟುತ್ತಿದ್ದ ರೊಟ್ಟಿ ಹರಿಯಿತು.

ದೇವಿಂದ್ರ ಅರ್ಧ ಗಳಿಗೆ ಕೂಗಾಡಿದ. ಪ್ರಯೋಗಾಲಯದ ನೇಮಗಳನ್ನೆಲ್ಲ ತಾಯಿಗೆ ಒಪ್ಪಿಸಿದ. ಇನ್ನು ಈ ಮನೆಯಲ್ಲಿ ಯಾರಾದರೂ ಕೊಸರು ಎಂಬ ಶಬ್ದ ಎತ್ತಿದರೆ ತಾನು ನಡೆದುಕೊಂಡೇ ಪುಣೆಗೆ ಹೋಗುವುದಾಗಿ ಆಣೆ ಮಾಡಿದ. ಲಾಲಮ್ಮ ಎಲೆ ಅಡಿಕೆ ಹಾಕಿಕೊಂಡು ಕೇಳಿದಳು. ಕೂಗಾಟದ ನಡುವೆಯೇ ಅವನ ಮಾತು ತಟ್ಟನೆ ನಿಂತಿತು. ಅವನ ಕಣ್ಣು ಬಟ್ಟಲುಗಳ ಮೇಲೆ ಹೋಯಿತು. ಎರಡನೆಯ ಶೀಶೆಗೆ ಕೊಸರಿಲ್ಲ, ಮೊದಲನೆಯದಕ್ಕೆ ಕೊಸರಿದೆ. ಓಣಿಯೆಲ್ಲ ಹೊಗಳಿದ ಘಮ ಮೊದಲನೆಯದರದು. ಹಾಗಾದರೆ ಕೊಸರಿನ ತೂಕ ಸಿಕ್ಕರೆ ಜೋಡಿ ಸಿಕ್ಕಂತೆಯೇ!

ಬಟ್ಟಲುಗಳನ್ನು ಮತ್ತೆ ತಕ್ಕಡಿಗೆ ಏರಿಸಿದ. ಗಂಧದೆಣ್ಣೆ ಆರು ಪಾಯಿಂಟ್ ಮೂರು. ಗುಲಾಬಿ ಮೂರು ಪಾಯಿಂಟ್ ಮೂರು. ಕೇದಗೆ ಒಂದು ಪಾಯಿಂಟ್ ಐದು.

“ಯವ್ವಾ, ಯಾಕ ಬಿಟ್ಟಿ? ಖಸ್‌ಗೂ ಹಾಕು!”

“ಈಗಷ್ಟ ಬ್ಯಾಡ ಅಂದ್ಯಲ್ಲೋ.”

“ಹಾಕಬೇ, ಕಾಲು ಬೀಳ್ತೀನಿ!”

ಲಾಲಮ್ಮ ಮಣಿಕಟ್ಟು ಬಗ್ಗಿಸಿದಳು. ಒಂದು ಪಾಯಿಂಟ್ ಒಂದು. ಅಲ್ಲಿಯೂ ಪಾಯಿಂಟ್ ಮೂರೇ! ದೇವಿಂದ್ರ ನಂಬಲಿಲ್ಲ. ಕುಸುಬಿ ಎಣ್ಣೆ ತಂದು ತಾಯಿಯಿಂದ ಹತ್ತು ಸಲ ಕೊಸರು ಹಾಕಿಸಿದ. ಒಂಬತ್ತು ಸಲ ಪಾಯಿಂಟ್ ಮೂರು, ಒಮ್ಮೆ ಮಾತ್ರ ಪಾಯಿಂಟ್ ಮೂರು ಒಂದು. ಆಗ ಅವಳು ಸೀನಿದ್ದಳು. ಒಂಬತ್ತು ವರ್ಷ ಅವನು ಒರೆಸಿ ಒರೆಸಿ ಇಟ್ಟ ಕಾಲೇಜಿನ ಯಾವ ಯಂತ್ರವೂ ಇಷ್ಟು ಖರೇ ಇರಲಿಲ್ಲ.

ಗುಟ್ಟು ತಿಳಿಯಿತು. ಆರು ಗ್ರಾಂ ಗಂಧಕ್ಕೆ ಪಾಯಿಂಟ್ ಮೂರು ಬಿದ್ದರೆ ಆನೆಗೆ ಇರುವೆ ಕಚ್ಚಿದಂತೆ. ಅದೇ ಪಾಯಿಂಟ್ ಮೂರು ಬರಿಯ ಪಾಯಿಂಟ್ ಎಂಟರ ಖಸ್‌ಗೆ ಬಿದ್ದರೆ ಘಮದ ಮುಖವೇ ತಿರುಗಿಬಿಡುತ್ತದೆ. ನಾಲ್ಕನ್ನೂ ಕೂಡಿಸಿ ಶೀಶೆ ತುಂಬಿ, ಉಳಿದಿದ್ದ ಆ ಒಂದು ಹನಿಯ ಜೊತೆ ತಾಳೆ ನೋಡಿದ. ಅದೇ! ಕಣ್ಣಲ್ಲಿ ನೀರು ಬಂತು. ಹೊಸ ಅಂಕಿಗಳ ಹೊಸ ಚೀಟಿ ಬರೆದು, ತಕ್ಕಡಿ, ನಳಿಗೆಗಳನ್ನು ಚೀಲಕ್ಕೆ ಹಾಕಿಕೊಂಡು, ತಾಯಿಯ ಕಾಲು ಮುಟ್ಟಿ, ಶೀಶೆಯನ್ನು ಪಂಚಶೀಲಾಳ ಕೈಗೆ ಕೊಟ್ಟ. ತನ್ನ ಕೈಯ ಮೇಲೆ ಅವನಿಗೆ ಆಗ ನಂಬಿಕೆ ಇರಲಿಲ್ಲ. “ನಡಿ, ಶಹಾಪುರಕ್ಕ.”

ಬಸ್ಸು ಹತ್ತುವಾಗ ಎರಡೂವರೆ. ಬಸ್ಸು ತುಂಬಿತ್ತು. ಪಂಚಶೀಲಾ ಶೀಶೆಯನ್ನು ಸೆರಗಿನಲ್ಲಿ ಕಟ್ಟಿ ಎದೆಗೆ ಒತ್ತಿಕೊಂಡು ನಿಂತಳು. ಅವಳ ಸುತ್ತ ದೇವಿಂದ್ರ ಎರಡೂ ಕೈ ಚಾಚಿ ಬೇಲಿಯಾಗಿ ನಿಂತ. ಅರ್ಧ ದಾರಿಯಲ್ಲಿ ಒಂದು ಕುರಿಹಿಂಡು ರಸ್ತೆಗೆ ಅಡ್ಡ ಬಂತು. ಕುರಿಗಳಿಗೆ ನಾಲ್ಕು ಗಂಟೆಯ ಗಡುವಿರಲಿಲ್ಲ. ಇಪ್ಪತ್ತು ನಿಮಿಷ ಹೋಯಿತು. ದೇವಿಂದ್ರ ಒಂದೊಂದು ಕುರಿಯನ್ನೂ ಎಣಿಸಿ ಒಂದೊಂದನ್ನೂ ಶಪಿಸಿದ.

“ರೀ, ನಿಮಗೊಂದು ಮಾತು ಹೇಳಬೇಕಿತ್ತು,” ಎಂದಳು ಪಂಚಶೀಲಾ ಮೆಲ್ಲಗೆ.

“ಈಗ ಬ್ಯಾಡ. ಮಾತಾಡಿದ್ರ ಶೀಶೆ ಅಳ್ಳಾಡತೈತಿ.”

ಅವರು ಅಂಗಡಿಯ ಮೆಟ್ಟಿಲು ಹತ್ತಿದಾಗ ನಾಲ್ಕಕ್ಕೆ ಎರಡು ನಿಮಿಷ ಬಾಕಿ.

ಹಜರಾಬೀ ಬರ್ರಿ ಕೂಡ್ರಿ ಎನ್ನಲಿಲ್ಲ. ಹಳೆಯ ಎರಡು ಶೀಶೆಗಳನ್ನು ಮೇಜಿನ ಮೇಲಿಟ್ಟಳು. ಹೊಸದರ ಬಿರಡೆ ತೆಗೆದು ಒಂದು ಹನಿ ಅಂಗೈಗೆ ಹಚ್ಚಿ ತಿಕ್ಕಿದಳು. ಕಣ್ಣು ಮುಚ್ಚಿದಳು. ಗೋಡೆಯ ಗಡಿಯಾರದ ಸಪ್ಪಳ ದೇವಿಂದ್ರನ ಕಿವಿಯಲ್ಲಿ ಸುತ್ತಿಗೆಯ ಏಟಿನಂತೆ ಬೀಳುತ್ತಿತ್ತು. ಮೊದಲ ಶೀಶೆ ಮೂಸಿದಳು. ಅಂಗೈ ಮೂಸಿದಳು. ಮತ್ತೆ ಶೀಶೆ.

“ಜೋಡಿ ಐತಿ,” ಎಂದಳು. “ಕೂದಲೆಳಿ ಫರಕಿಲ್ಲ. ಶಾಬಾಸ್!”

ದೇವಿಂದ್ರನಿಗೆ ಪುಣೆ ಸಾವಿರ ಗಾವುದ ಹಿಂದಕ್ಕೆ ಸರಿದಂತಾಯಿತು. ಅವನು ಚೀಟಿ ಮುಂದೆ ಮಾಡಿದ. “ಇದ್ರಾಗ ಎಲ್ಲಾ ಬರದೀನ್ರಿ ಅಕ್ಕಾರ, ಪಾಯಿಂಟ್ ಸಮೇತ.”

“ಅದೆಲ್ಲಾ ಖರೇ ದೇವಿಂದ್ರಪ್ಪಾ. ಆದ್ರ ನೀವು ತಂದದ್ದು ನನಗ ಒಲ್ಲದ ಶೀಶೇದ ಜೋಡಿ.”

“ಏನಂದ್ರಿ?”

“ಮೊದಲ್ನೇದ್ರಾಗ ಖಸ್ ಭಾಳ ಆಗೈತಿ. ಹಚ್ಕೊಂಡ್ರ ಬ್ಯಾಸಿಗ್ಯಾಗ ಕೂಲರ್ ಮುಂದ ಕುಂತಂಗ ಆಗತೈತಿ. ನನ್ನ ಜೀವ ಕಸಗೊಂಡದ್ದು ಈ ಎರಡನೇದು. ಗುಲಾಬಿ ಹ್ಯಾಂಗ ಮುಂದ ಬಂದು ಸಲಾಮ್ ಮಾಡ್ತದ, ಖಸ್ ಹ್ಯಾಂಗ ಹಿಂದ ಅದಬಿನಿಂದ ಕೈಕಟ್ಟಿ ನಿಲ್ತದ! ಇದರ ಜೋಡಿ ತರ್ರಿ ಅಂದಿದ್ದೆ. ಯಾವ್ದು ಅಂತ ನೀವು ಕೇಳಲಿಲ್ಲಲ್ರಿ.”

ದೇವಿಂದ್ರ ನಕ್ಕ. ಮೊದಲು ಸಣ್ಣಗೆ, ಆಮೇಲೆ ಅಂಗಡಿಯ ಕಪಾಟುಗಳು ಝಣಗುಡುವಂತೆ. ಎರಡನೆಯದು! ಕೊಸರಿಲ್ಲದ್ದು! ಅವನ ಪಕ್ಕಾ ಅಳತೆಯದು! ಇಡೀ ಜಗತ್ತು ಬೇಡವೆಂದರೂ ಒಂದು ಮೂಗು, ಅದೂ ಈ ಸೀಮೆಯಲ್ಲೇ ದೊಡ್ಡ ಮೂಗು, ಅವನ ಗೋಡೆಯ ಮೇಲಿನ ಚೀಟಿಯನ್ನು ಮೆಚ್ಚಿತ್ತು. ಒಂಬತ್ತು ವರ್ಷದ ಒರಸಾಟ ತೊಳೆದಾಟಕ್ಕೆ ಇವತ್ತು ಬೆಲೆ ಬಂದಿತ್ತು.

“ಅಕ್ಕಾರ, ಅದು ನನಗ ಬಾಯಿಪಾಠ ಬರ್ತೈತ್ರಿ! ಆರು, ಮೂರು, ಒಂದು ಪಾಯಿಂಟ್ ಎರಡು, ಸೊನ್ನೆ ಪಾಯಿಂಟ್ ಎಂಟು. ಎಣ್ಣಿ ನಿಮ್ಮ ಹತ್ರನ ಅದಾವ, ತಕ್ಕಡಿ ನನ್ನ ಚೀಲದಾಗ ಐತಿ. ಇಲ್ಲೇ, ನಿಮ್ಮ ಮುಂದನ ಮಾಡ್ತೀನಿ.”

ಹಜರಾಬೀ ಗಡಿಯಾರ ನೋಡಿದಳು. “ಮಾಡ್ರಿ. ಐದರ ತನಕ ಟೈಮ್ ಐತಿ.”

“ರೀ...” ಎಂದಳು ಪಂಚಶೀಲಾ.

“ಶ್! ಉಸಿರು ತಾಕತೈತಿ.”

ಫ್ಯಾನು ನಿಂತಿತು. ಅತ್ತರು ಕೊಳ್ಳಲು ಬಂದವರು ಬಾಗಿಲಲ್ಲೇ ನಿಂತರು. ದೇವಿಂದ್ರ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅಳೆದಿರಲಿಲ್ಲ. ಹನಿ ಬಿಡುವ ಗಾಜಿನ ನಳಿಗೆ ಅವನ ಬೆರಳಿಗೆ ಆರನೆಯ ಬೆರಳಾಗಿತ್ತು. ಆರು ಅಂದರೆ ಆರು. ಮೂರು ಅಂದರೆ ಮೂರು. ಕಡೆಯ ಖಸ್‌ನ ಹನಿ ನಳಿಗೆಯ ತುದಿಯಲ್ಲಿ ಬೀಳಲೋ ಬೇಡವೋ ಎಂದು ತೂಗಾಡಿ, ಬಿದ್ದು, ಅಂಕಿ ಸೊನ್ನೆ ಪಾಯಿಂಟ್ ಎಂಟು ಸೊನ್ನೆಗೆ ಬಂದು ನಿಂತಾಗ ಬಾಗಿಲಲ್ಲಿದ್ದ ಒಬ್ಬ ಚಪ್ಪಾಳೆ ತಟ್ಟಿಯೇಬಿಟ್ಟ. ಈ ಸಲ ಅವನು ಕೈ ತೊಳೆಯಲು ಹೋಗಲಿಲ್ಲ. ಕೂಡಿಸಿ, ಕದಡಿ, ಹಜರಾಬೀಯ ಮುಂದಿಟ್ಟ.

ಅವಳು ಮೂಸಿದಳು. ಹುಬ್ಬು ಗಂಟಾಯಿತು. ತನ್ನ ತೋಳಿನ ಬಟ್ಟೆ ಮೂಸಿ ಮೂಗು ಹಗುರ ಮಾಡಿಕೊಂಡು ಮತ್ತೆ ಮೂಸಿದಳು. ಎರಡನೆಯ ಶೀಶೆ ಮೂಸಿದಳು, ಮೊದಲನೆಯದನ್ನೂ ಮೂಸಿದಳು.

“ದೇವಿಂದ್ರಪ್ಪಾ, ಇದು ಮೂರನೇದು.”

“ಮೂರನೇದು ಅಂದ್ರ?”

“ಮೊದಲ್ನೇದರಂಗೂ ಇಲ್ಲ, ಎರಡನೇದರಂಗೂ ಇಲ್ಲ. ಇಂಥಾದ್ದನ್ನ ನಾ ಇವತ್ತ ಮೂಸಾಕತ್ತೀನಿ. ಬೇಜಾರಾಗಬ್ಯಾಡ್ರಿ, ಉಪ್ಪಿಲ್ಲದ ಸಾರಿನಂಗ ಐತಿ.”

ದೇವಿಂದ್ರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಎಣ್ಣೆ ಅದೇ. ತಕ್ಕಡಿ ಅಕ್ಕಸಾಲಿಗನ ಪರೀಕ್ಷೆ ಗೆದ್ದದ್ದು. ತಾಯಿ ಸುರಪುರದಲ್ಲಿದ್ದಾಳೆ. ಅಳತೆ ಇಡೀ ಅಂಗಡಿಯ ಕಣ್ಣೆದುರು ಆಗಿದೆ. ಅವನು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಪಂಚಶೀಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದಳು.

“ಎರಡನೇದು ಮಾಡಿದ ದಿನ ಅತ್ತಿ ಕಕ್ಕೇರಾದಿಂದ ಫೋನ್ ಮಾಡಿದ್ರು,” ಎಂದಳು ಅವಳು. “ಅಂವ ಬರೇ ಅಳದು ಇಡ್ತಾನ, ನಾ ಇಲ್ಲಂತ ನೀ ಬಿಡಬ್ಯಾಡ, ಮನಿ ಮರ್ಯಾದಿ ನೋಡ್ಕೋ ಅಂದ್ರು. ನೀವು ಕೈ ತೊಳಿಯಾಕ ಹಿತ್ತಲಿಗೆ ಹೋಗಿದ್ರಿ. ನಾನು... ಮುಂಜಾನಿಂದ ಹೇಳ್ಬೇಕಂತನ ಇದ್ದೆ. ನೀವು ಅತ್ತಿಗೆ ಒದರಿದ್ದು ನೋಡಿ ಹೆದರಿದೆ. ಅದೂ ಅಲ್ಲದ, ಎರಡನೇ ಶೀಶೆ ಬ್ಯಾಡಾದ್ದು ಅಂತ ನೀವ ತಿಳಕೊಂಡಿದ್ರಲ್ಲ, ಬ್ಯಾಡಾದ್ದರ ಮಾತು ಯಾಕ ಅಂತ ಸುಮ್ಮನಾದೆ.”

ತನ್ನ ಅಳತೆ, ತಾನು ಗೋಡೆಗೆ ಅಂಟಿಸಿ ದಿನಾ ಕಣ್ತುಂಬ ನೋಡುತ್ತಿದ್ದ ಅಳತೆ, ಇವತ್ತಿನ ತನಕ ಒಮ್ಮೆಯೂ ಶೀಶೆ ಸೇರಿರಲಿಲ್ಲ, ಸೇರಿದ ದಿನವೇ ಉಪ್ಪಿಲ್ಲದ ಸಾರಾಯಿತು ಎಂಬುದು ದೇವಿಂದ್ರನ ತಲೆಗೆ ಇಳಿಯಲು ತುಸು ಹೊತ್ತು ಬೇಕಾಯಿತು. ಇಳಿದ ಮೇಲೆ ಅವನಿಗೆ ಅಳು ಬಂತು, ಸಿಟ್ಟು ಬಂತು, ಆದರೆ ಗಡಿಯಾರದಲ್ಲಿ ಐದಕ್ಕೆ ಇನ್ನೂ ಎಂಟು ನಿಮಿಷ ಇತ್ತು.

“ಅಡ್ಡಿಯಿಲ್ಲ! ಏನೂ ಅಡ್ಡಿಯಿಲ್ಲ!” ಎಂದು ತಕ್ಕಡಿಯನ್ನು ಹೆಂಡತಿಯ ಮುಂದೆ ತಳ್ಳಿ, ಗುಲಾಬಿ ಎಣ್ಣೆಯ ಸೀಸೆಯನ್ನು ಅವಳ ಕೈಗೆ ತುರುಕಿದ. “ಅವತ್ತು ಹಾಕಿದಂಗ ಈಗ ಹಾಕು. ಯವ್ವನ ಕೊಸರು ಹಿಡದಂಗ ಇದನ್ನೂ ಹಿಡೀತೀನಿ.”

ಅವಳು ಬಗ್ಗಿಸಿದಳು. ಸೊನ್ನೆ ಪಾಯಿಂಟ್ ಒಂದು ಎರಡು. “ಇಷ್ಟ ಏನು?” “ಇಷ್ಟಲ್ಲ ಅನಸ್ತೈತ್ರಿ.” ಮತ್ತೆ ಬಗ್ಗಿಸಿದಳು. ಸೊನ್ನೆ ಪಾಯಿಂಟ್ ಒಂಬತ್ತು. ಮತ್ತೆ. ಸೊನ್ನೆ ಪಾಯಿಂಟ್ ನಾಲ್ಕು. ಅವಳ ಕೈ ಎಣ್ಣೆ ಮಾರಿದ ಕೈಯಲ್ಲ. ಅದಕ್ಕೆ ನಲವತ್ತು ವರ್ಷದ ಓಣಿಗಳ ರೂಢಿ ಇರಲಿಲ್ಲ.

“ಗುಲಾಬಿ ಅಂದ್ರ ನನಗ ಜೀವ ನೋಡ್ರಿ, ಅದಕ್ಕ ಜರ ಮುಂದ ಮಾಡಿ ಹಾಕಿದ್ದೆ. ಖಸ್ ನನಗ ಸೇರಂಗಿಲ್ಲ, ಶಾಸ್ತ್ರಕ್ಕ ತೋರಿಸಿದ್ದೆ,” ಎಂದಳು ಪಂಚಶೀಲಾ ಬಿಕ್ಕುತ್ತ.

ಹೊರಗೆ ಒಂದು ಮೋಟಾರ್ ಸೈಕಲ್ ಬಂದು ನಿಂತಿತು. ಯಾದಗಿರಿಯವನು ಹೆಲ್ಮೆಟ್ ತೆಗೆದು, ತನ್ನ ಮಾಲಿನ ಪೆಟ್ಟಿಗೆ ಎತ್ತಿಕೊಂಡು, ಮೆಟ್ಟಿಲಿನ ಮೇಲೆ ಕಾಲಿಟ್ಟ. ಹಜರಾಬೀ ದೇವಿಂದ್ರನ ಶೀಶೆಗಳನ್ನೆಲ್ಲ ಮೇಜಿನ ಒಂದು ಮೂಲೆಗೆ ಸರಿಸಿದಳು.

“ಜರ ಅಂದ್ರ ಎಷ್ಟು? ಮುಂದ ಅಂದ್ರ ಎಷ್ಟು? ಪಂಚಶೀಲಾ, ನಿನ್ನ ಕಾಲಿಗೆ ಬೀಳ್ತೀನಿ, ಒಂದು ಅಂಕಿ ಹೇಳು!” ಎಂದ ದೇವಿಂದ್ರ.

ಪಂಚಶೀಲಾ ಕಣ್ಣೊರೆಸಿಕೊಂಡು, ಇಷ್ಟೂ ಗೊತ್ತಿಲ್ಲದ ಗಂಡನನ್ನು ಮರುಕದಿಂದ ನೋಡಿದಳು.

“ಅಳದು ಹಾಕಿದ್ರ ಅದು ಕೊಸರು ಹ್ಯಾಂಗ ಆಗತೈತ್ರಿ?”